ಇವತ್ತೊಂದು ದಿನ, ಒಂದು ಸಲ

ಕಾರವಾರದ ಒಂದು ಕಚೇರಿ. ಹದಿನಾಲ್ಕು ಶೌಚಾಲಯ, ಮೂರು ಮಹಡಿ. ತೊಳೆಯುವವರು ಇಬ್ಬರು, ನಾಗಮ್ಮ ಮತ್ತು ರೂಪಾ.

ನಾಗಮ್ಮನಿಗೆ ಐವತ್ತೊಂದು ವರ್ಷ. ಮನೆ ಅಂಕೋಲೆಯ ಬಾಳೆಗುಳಿಯ ಹತ್ತಿರ. ಮೊದಲು ಬೇರೆಯವರ ಗದ್ದೆಯಲ್ಲಿ ನಟ್ಟಿ, ಕೊಯ್ಲು ಮಾಡುತ್ತಿದ್ದಳು. ಗದ್ದೆಗಳಿಗೆ ಮಣ್ಣು ತುಂಬಿ ಸೈಟು ಮಾಡಿದ ಮೇಲೆ ಕಾರವಾರದ ಆ ಕಚೇರಿಗೆ ಕೆಲಸಕ್ಕೆ ಬಂದಳು. ಆರು ವರ್ಷವಾಗಿತ್ತು. ಅವಳನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಕಚೇರಿಯಲ್ಲ, ಒಂದು ಏಜೆನ್ಸಿ. ಹಾಗಾಗಿ ಕಾಗದದಲ್ಲಿ ಅವಳು ‘ಹೊರಗುತ್ತಿಗೆ’. ರೂಪಾಳೂ ಹೊರಗುತ್ತಿಗೆ. ರೂಪಾ ರಾಮನಗುಳಿಯ ಹುಡುಗಿ, ಇಪ್ಪತ್ತನಾಲ್ಕು ವರ್ಷ, ಟೆಂಪೋ ಓಡಿಸುವ ಶಿವಾನಂದನನ್ನು ಮದುವೆಯಾಗಿ ಅಂಕೋಲೆಗೆ ಬಂದವಳು. ಆ ವರ್ಷದ ಎಪ್ರಿಲ್ಲಿನಲ್ಲಿ ಐದು ತಿಂಗಳ ಬಸುರಿ.

ಇಬ್ಬರೂ ಆರೂಕಾಲರ ಬಸ್ಸಿಗೆ ಹೊರಟು ಏಳೂವರೆಗೆ ಕಚೇರಿ ಮುಟ್ಟುತ್ತಿದ್ದರು. ಮೊದಲು ಆಸಿಡ್. ಅದರ ಹೊಗೆಗೆ ಕಣ್ಣು ಉರಿಯುತ್ತದೆ, ಗಂಟಲು ಕಟ್ಟುತ್ತದೆ. ಆಮೇಲೆ ಬ್ರಶ್ಶು. ಬ್ರಶ್ಶಿಗೆ ಹೋಗದ್ದಕ್ಕೆ ಕೈ. ಗುಟ್ಕಾ ಉಗುಳಿ ಕಟ್ಟಿಕೊಂಡ ಬೇಸಿನ್ನಿಗೆ ಕೈ. ರಕ್ತದ ಬಟ್ಟೆ ಸಿಕ್ಕಿಕೊಂಡ ಪೈಪಿಗೆ ಕೈ. ಗ್ಲೌಸು ವರ್ಷಕ್ಕೆ ಒಂದು ಜೊತೆ ಬರುತ್ತಿತ್ತು, ಒಂದು ತಿಂಗಳಿಗೆ ತೂತಾಗುತ್ತಿತ್ತು. ಹತ್ತು ಗಂಟೆಗೆ ಕಚೇರಿಯವರು ಬಂದಾಗ ನೆಲ ಒಣಗಿರಬೇಕು, ವಾಸನೆ ಇರಬಾರದು, ಇವರಿಬ್ಬರೂ ಕಣ್ಣಿಗೆ ಬೀಳಬಾರದು.

ಫೆಬ್ರವರಿಯಲ್ಲಿ ಹೊಸ ಸಾಹೇಬರು ಬಂದರು. ಹೆಸರು ಹರಿಶ್ಚಂದ್ರ. ಆಡಳಿತ ನೋಡಿಕೊಳ್ಳುವವರು. ದನಿ ಎತ್ತಿದವರಲ್ಲ. ಬೈದವರಲ್ಲ. ಎಲ್ಲರಿಗೂ ‘ಅಮ್ಮಾ’, ‘ಅಪ್ಪಾ’ ಎನ್ನುತ್ತಿದ್ದರು. ಬಂದ ತಿಂಗಳಲ್ಲೇ ಶೌಚಾಲಯಗಳಿಗೆ ಬಿಳಿ ಟೈಲ್ಸು ಹಾಕಿಸಿದರು, ಹೊಸ ಕಮೋಡು ತರಿಸಿದರು. ಒಂದು ದಿನ ಎರಡನೇ ಮಹಡಿಯ ಶೌಚಾಲಯದಿಂದ ರೂಪಾ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದಳು. ಸಾಹೇಬರು ಎದುರಿಗೆ ಬರುತ್ತಿದ್ದರು. ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು. ಆಮೇಲೆ ಜೊತೆಯಲ್ಲಿದ್ದವರನ್ನು ಕೇಳಿದರು.

“ಇವರೂ ಇಲ್ಲೇ ಹೋಗ್ತಾರಾ?”

ಮೂರನೇ ದಿನ ಹದಿನಾಲ್ಕು ಬಾಗಿಲಿಗೂ ಕಾಗದ ಅಂಟಿಸಿದರು.

ನಾಗಮ್ಮನಿಗೆ ಓದು ಬರುವುದಿಲ್ಲ. ರೂಪಾ ಹತ್ತನೇ ಇಯತ್ತೆ ಪಾಸು.

“ಓದೇ ತಂಗಿ, ಎಂತಾ ಬರ್ದರೆ?”

ರೂಪಾ ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಗಟ್ಟಿಯಾಗಿ ಓದಿದಳು. ‘ಕಚೇರಿಯ ಶೌಚಾಲಯಗಳನ್ನು ಖಾಯಂ ಸಿಬ್ಬಂದಿ ಮಾತ್ರ ಉಪಯೋಗಿಸತಕ್ಕದ್ದು. ನೈರ್ಮಲ್ಯದ ದೃಷ್ಟಿಯಿಂದ ಹೊರಗುತ್ತಿಗೆ ನೌಕರರು ಉಪಯೋಗಿಸುವುದನ್ನು ನಿಷೇಧಿಸಲಾಗಿದೆ. ಶುಚಿಗೊಳಿಸುವ ವೇಳೆ ಬಾಗಿಲುಗಳನ್ನು ಪೂರ್ತಿ ತೆರೆದಿಡತಕ್ಕದ್ದು ಹಾಗೂ ಕಾವಲುಗಾರರು ಸ್ಥಳದಲ್ಲಿ ಹಾಜರಿರತಕ್ಕದ್ದು.’

ನಾಗಮ್ಮನಿಗೆ ನಗು ಬಂತು. “ನಮ್ಮಿಂದ ಗಲೀಜಾತದ್ಯ? ತೊಳೂಕೆ ನಾವು ಬೇಕು, ಕೂರುಕೆ ಬ್ಯಾಡ್ವ?”

ರೂಪಾ ನಗಲಿಲ್ಲ. ಅವಳಿಗೆ ಆಗಲೇ ಹೋಗಬೇಕಿತ್ತು.

ಮರುದಿನದಿಂದ ಗೇಟಿನ ಕಾವಲುಗಾರ ಮಾದೇವ ಬಂದು ಬಾಗಿಲಲ್ಲಿ ನಿಂತ. ಇವರು ಮೊಣಕಾಲೂರಿ ಕಮೋಡು ಉಜ್ಜುತ್ತಿದ್ದರೆ ಅವನು ಗೋಡೆ ನೋಡುತ್ತಿದ್ದ. ಅವನೂ ಹೊರಗುತ್ತಿಗೆಯೇ. “ನಾ ಕಂಪೌಂಡಿನ ಹಿಂದೆ ಹೋತೆ. ನೀವು ಎಂತಾ ಮಾಡ್ತೀರಿ?” ಎಂದು ಕೇಳಿ, ಕೇಳಿದ್ದಕ್ಕೆ ತಾನೇ ನಾಚಿದ. ಕಂಪೌಂಡಿನ ಹಿಂದೆ ಕ್ಯಾಮೆರಾ ಇತ್ತು. ಎದುರಿನ ಕಟ್ಟಡದ ಕಿಟಕಿಗಳೂ ಇದ್ದವು.

ಏಜೆನ್ಸಿಯ ಸೂಪರ್‌ವೈಸರ್ ನಿತೇಶ ವಾರಕ್ಕೊಮ್ಮೆ ಬೈಕಿನಲ್ಲಿ ಬರುವವನು. ನಾಗಮ್ಮ ಅವನನ್ನು ಗೇಟಿನಲ್ಲೇ ನಿಲ್ಲಿಸಿದಳು.

“ನಿತೇಶಣ್ಣಾ, ನಾವು ಎಲ್ಲಿಗೆ ಹೋಗೂದು?”

“ಬಸ್ ಸ್ಟ್ಯಾಂಡಲ್ಲಿ ಅದ್ಯಲ್ಲ.”

“ಹೋಗಿ ಬರುಕೆ ಅರ್ಧ ತಾಸು ಬೇಕು. ಗೇಟು ದಾಟಿದ್ರೆ ಮೆಷಿನ್ನಿಗೆ ಮುಖ ತೋರ್ಸಬೇಕು. ಕಾಲು ತಾಸು ದಾಟಿದ್ರೆ ಅರ್ಧ ದಿನ ಗೈರು ಬೀಳ್ತದೆ.”

“ಮೆಷಿನ್ ನಾ ಮಾಡಿದ್ದಲ್ಲ.”

“ಆ ಕಾಗ್ದ?”

“ಅದೂ ನಾ ಮಾಡಿದ್ದಲ್ಲ.”

“ಹಂಗಾರೆ ಯಾರು ಮಾಡಿದ್ದು?”

“ರೂಲ್ಸು,” ಎಂದು ನಿತೇಶ ಬೈಕು ಚಾಲೂ ಮಾಡಿದ.

ನಾಗಮ್ಮ ನೀರು ಕುಡಿಯುವುದನ್ನು ಬಿಟ್ಟಳು. ಬೆಳಿಗ್ಗೆ ಐದೂವರೆಗೆ ಮನೆಯಲ್ಲಿ ಒಂದು ಸಲ ಹೋದರೆ ಮತ್ತೆ ರಾತ್ರಿ ಏಳಕ್ಕೆ. ನಡುವೆ ಹದಿಮೂರೂವರೆ ತಾಸು. ಎಪ್ರಿಲ್ ತಿಂಗಳು. ಕಾರವಾರದ ಸೆಖೆಯಲ್ಲಿ ಮೈಯೆಲ್ಲ ನೀರಾಗಿ ಸುರಿಯುತ್ತಿತ್ತು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು. ಮಧ್ಯಾಹ್ನ ಗಂಜಿ ಊಟದಲ್ಲಿ ತಿಳಿ ಬಸಿದು ಬರೇ ಅಗುಳು ತಿನ್ನುತ್ತಿದ್ದಳು. ಎರಡು ಗಂಟೆಯ ಹೊತ್ತಿಗೆ ಕಿಬ್ಬೊಟ್ಟೆಯಲ್ಲಿ ಕಲ್ಲು ಕೂತ ಹಾಗೆ. ಬಾಗಿ ನೆಲ ಒರೆಸಿದರೆ ಕಲ್ಲು ಒತ್ತುತ್ತದೆ. ಬಕೆಟು ಎತ್ತಿದರೆ ಒತ್ತುತ್ತದೆ. ಕೆಮ್ಮಿದರೆ ಒಂದು ಹನಿ ಜಾರುತ್ತದೆ. ಸಂಜೆಯ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲು ಆಗುತ್ತಿರಲಿಲ್ಲ. ಕಂಬಿ ಹಿಡಿದು, ತೊಡೆ ಒತ್ತಿಕೊಂಡು, ಹಟ್ಟಿಕೇರಿ ದಾಟಿತೇ, ಮನೆ ಹತ್ತಿರ ಬಂತೇ ಎಂದು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಮನೆ ಮುಟ್ಟಿ ಚಪ್ಪಲಿ ಬಿಡದೆ ಓಡುತ್ತಿದ್ದಳು. ಕೂತರೆ ಬರುವುದಿಲ್ಲ. ಬಂದರೆ ಹನಿಹನಿ. ಹನಿಹನಿಯೂ ಬೆಂಕಿ.

ಗಂಡ ಜಟ್ಟು ಹೊರಗಿನಿಂದ ಕೇಳುತ್ತಿದ್ದ. “ಎಂತಾ ಆಗದೆ ನಿಂಗೆ?”

“ಉಷ್ಣ.”

ರೂಪಾಳಿಗೆ ಹಿಡಿದುಕೊಳ್ಳಲು ಆಗಲಿಲ್ಲ. ಹೊಟ್ಟೆಯೊಳಗೆ ಕೂಸು ಒದೆಯುತ್ತಿತ್ತು. ಒದ್ದಾಗಲೆಲ್ಲ ಹೋಗಬೇಕು. ಮೊದಲ ವಾರ ಅವಳು ಬಿಸಿಲಲ್ಲಿ ಬಸ್ ಸ್ಟ್ಯಾಂಡಿಗೆ ನಡೆದಳು, ಒಂದೊಂದು ದಿನ ಎರಡೆರಡು ಸಲ. ಮೆಷಿನ್ನು ಅವಳ ಮುಖ ನೋಡಿ ನೋಡಿ ಗೈರು ಹಾಕಿತು. ನಿತೇಶ ಫೋನು ಮಾಡಿ ಹೇಳಿದ. “ಹಿಂಗೇ ಆದ್ರೆ ನಾ ಬೇರೆಯವ್ರ ತರ್ತೆ. ಆಮೇಲೆ ನನ್ನ ಬೈಯ್ಬೇಡ.”

ರೂಪಾಳೂ ನೀರು ಕುಡಿಯುವುದನ್ನು ಬಿಟ್ಟಳು. ಆಗ ಒಬ್ಬಳು ಕರೆದಳು. ಎರಡನೇ ಮಹಡಿಯ ಕಲಾವತಿ. ಸಾಹೇಬರ ಕಾಗದಪತ್ರ ಟೈಪ್ ಮಾಡುವ ಗುಮಾಸ್ತೆ, ಕಾರವಾರದವಳೇ, ಖಾಯಂ ಸಿಬ್ಬಂದಿ. ಕಾಗದ ಅಂಟಿಸಿದ ಮೇಲೆ ಶೌಚಾಲಯಗಳಿಗೆ ಬೀಗ ಬಿದ್ದಿತ್ತು, ಅವಳ ಹತ್ತಿರ ಕೀಲಿ ಇತ್ತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಗೋಡೆಗೆ ಆತು ನಿಂತಿದ್ದ ರೂಪಾಳನ್ನು ನೋಡಿದಳು. “ಯೋ ಗೋ,” ಎಂದು ತನ್ನ ಮನೆಮಾತು ಕೊಂಕಣಿಯಲ್ಲೇ ಹತ್ತಿರ ಕರೆದಳು. ಬಾಗಿಲು ತೆರೆದು ಒಳಗೆ ಬಿಟ್ಟು ಹೊರಗೆ ತಾನು ನಿಂತಳು. ಆರು ದಿನ ಹಾಗೆ ನಡೆಯಿತು. ಆ ಆರು ದಿನ ರೂಪಾ ನೀರು ಕುಡಿದಳು. ನಗುತ್ತಿದ್ದಳು. ಕೂಸಿಗೆ ಇಡುವ ಹೆಸರಿನ ವಿಷಯ ಮಾತಾಡಿದಳು.

ಏಳನೇ ದಿನ ಸಾಹೇಬರು ಕಲಾವತಿಯನ್ನು ಒಳಗೆ ಕರೆದರು. ಕಾರಿಡಾರಿನ ಕ್ಯಾಮೆರಾದಲ್ಲಿ ಎಲ್ಲ ಇತ್ತು. ಅವರು ಬೈಯಲಿಲ್ಲ. “ನಿಮಗಿನ್ನೂ ಹನ್ನೊಂದು ವರ್ಷ ಸರ್ವಿಸ್ ಇದೆ ಕಲಾವತಿ. ಯೋಚನೆ ಮಾಡಿ,” ಎಂದರು. ಹೊರಗೆ ನೆಲ ಒರೆಸುತ್ತಿದ್ದ ನಾಗಮ್ಮನಿಗೆ ಅದು ಕೇಳಿಸಿತು.

ಮರುದಿನ ಊಟದ ಹೊತ್ತಿಗೆ ರೂಪಾ ಕಲಾವತಿಯ ಮೇಜಿನ ಮುಂದೆ ಹೋಗಿ ನಿಂತಳು. ಕಲಾವತಿ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ರೂಪಾ ನಿಂತೇ ಇದ್ದಳು.

“ಬೇಜಾರು ಮಾಡ್ಕೋಬೇಡ ರೂಪಾ,” ಎಂದು ಕಲಾವತಿ ಕಂಪ್ಯೂಟರಿಗೆ ಹೇಳಿದಳು. “ನನಗೂ ಸಂಸಾರ ಇದೆ.”

ರೂಪಾ ಮತ್ತೆ ನೀರು ಕುಡಿಯುವುದನ್ನು ಬಿಟ್ಟಳು.

ಮೇ ತಿಂಗಳ ಎರಡನೇ ವಾರ. ಕಚೇರಿಯಲ್ಲಿ ಮೀಟಿಂಗು ಇತ್ತು. ಹೊರಗಿನಿಂದ ಜನ ಬಂದಿದ್ದರು. ಮೇಲಿನ ಮಹಡಿಯಲ್ಲಿ ಪೈಪು ಒಡೆದಿದ್ದರಿಂದ ಕೆಳಗಿನಿಂದ ನೀರು ಹೊರಬೇಕಿತ್ತು. ರೂಪಾ ಎರಡೂ ಕೈಯಲ್ಲಿ ಬಕೆಟು ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಹಿಂದೆ ನಾಗಮ್ಮ. ಮೊದಲನೇ ಮತ್ತು ಎರಡನೇ ಮಹಡಿಯ ನಡುವೆ ರೂಪಾ ನಿಂತುಬಿಟ್ಟಳು. ಬಕೆಟು ಇಳಿಸಿದಳು. ಗೋಡೆ ಹಿಡಿದಳು.

“ಅಕ್ಕಾ,” ಎಂದಳು.

ಸೀರೆ ಒದ್ದೆಯಾಯಿತು. ಕಾಲಿನ ಮೇಲಿಂದ ಇಳಿದು ಮೆಟ್ಟಿಲ ಮೇಲೆ ಹರಿಯಿತು. ಒಂದು ಮೆಟ್ಟಿಲು, ಎರಡು, ಮೂರು. ಹಳದಿಯಲ್ಲ, ಕಂದು ಬಣ್ಣ. ನಾತ. ಮೇಲಿನಿಂದ ಇಳಿಯುತ್ತಿದ್ದವರು ನಿಂತರು. ಕೆಳಗಿನಿಂದ ಹತ್ತುತ್ತಿದ್ದವರು ನಿಂತರು. ಒಬ್ಬ ಮೂಗು ಮುಚ್ಚಿಕೊಂಡ. ಒಬ್ಬ ಫೋನು ಎತ್ತಿ ಹಿಡಿದ. ರೂಪಾ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ತಲೆ ತಗ್ಗಿಸಿ ನಿಂತಿದ್ದಳು. ಇನ್ನೂ ಹರಿಯುತ್ತಲೇ ಇತ್ತು. ನಿಲ್ಲಿಸಲು ಅವಳಿಗೆ ಆಗುತ್ತಿರಲಿಲ್ಲ.

ಸಾಹೇಬರು ಬಂದರು. ಒದ್ದೆಯಾಗದ ಮೆಟ್ಟಿಲು ನೋಡಿಕೊಂಡು ನಿಂತರು.

ನಾಗಮ್ಮ ಹೆಗಲ ಮೇಲಿನ ಬಟ್ಟೆ ತೆಗೆದು ಕೂತಳು. “ನಾ ಒರೆಸ್ತೆ ಸಾಹೇಬ್ರೆ. ಅದು ಬಸುರಿ ಹೆಂಗಸು.”

“ಬೇಡಮ್ಮಾ,” ಎಂದರು ಸಾಹೇಬರು ಸಮಾಧಾನದಿಂದ. “ಅವಳೇ ಮಾಡಲಿ. ನೆನಪಿರುತ್ತದೆ.”

ನಾಗಮ್ಮ ಅವರ ಮುಖ ನೋಡಿದಳು. ಸುತ್ತ ನಿಂತವರ ಮುಖ ನೋಡಿದಳು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಬಟ್ಟೆಯನ್ನು ರೂಪಾಳಿಗೆ ಕೊಟ್ಟಳು.

ರೂಪಾ ಮೊಣಕಾಲೂರಿದಳು. ಹೊಟ್ಟೆ ಅಡ್ಡ ಬರುತ್ತಿತ್ತು. ಒಂದು ಕೈ ನೆಲಕ್ಕೂರಿ ಇನ್ನೊಂದು ಕೈಯಲ್ಲಿ ಒರೆಸಿದಳು. ಒರೆಸಿದ ಜಾಗಕ್ಕೆ ಸೀರೆಯಿಂದ ಮತ್ತೆ ತೊಟ್ಟಿಕ್ಕುತ್ತಿತ್ತು. ಅದನ್ನೂ ಒರೆಸಿದಳು. ಮೂರು ಮೆಟ್ಟಿಲು ಪೂರ್ತಿ ಒಣಗುವ ತನಕ ಸಾಹೇಬರು ನಿಂತಿದ್ದರು. ಆಮೇಲೆ ಮೀಟಿಂಗಿಗೆ ಹೋದರು.

ಮರುದಿನ ರೂಪಾ ಬರಲಿಲ್ಲ. ಚಳಿಜ್ವರ. ಸೊಂಟದಲ್ಲಿ ನೋವು. ಅತ್ತೆ ಕಷಾಯ ಕೊಟ್ಟಳು. ಮೂರನೇ ದಿನ ನೋವು ಬೇರೆ ಥರ ಆಯಿತು. ಶಿವಾನಂದ ಟೆಂಪೋದಲ್ಲೇ ಮಲಗಿಸಿ ಕಾರವಾರದ ಆಸ್ಪತ್ರೆಗೆ ತಂದ. ಏಳು ತಿಂಗಳು ತುಂಬುವ ಮೊದಲೇ ಕೂಸು ಹುಟ್ಟಿತು. ಹೆಣ್ಣು. ಒಂದು ತಾಸು ಉಸಿರಾಡಿತು.

ಸಂಜೆ ಕೆಲಸ ಮುಗಿಸಿ ನಾಗಮ್ಮ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ರೂಪಾಳ ಮಂಚದ ಹತ್ತಿರ ನಿಂತು ಬರೆಯುತ್ತಿದ್ದಳು.

“ಮೂತ್ರದ ಸೋಂಕು ಕಿಡ್ನಿಗೆ ಏರಿದೆ. ಅದರಿಂದಲೇ ಹೆರಿಗೆ ಬೇಗ ಆಗಿದ್ದು. ನೀರು ಕುಡೀತಿರ್ಲಿಲ್ವಾ? ಕಟ್ಟಿಟ್ಕೊಳ್ತಿದ್ಯಾ?”

ರೂಪಾ ಹೌದೆಂದು ತಲೆ ಆಡಿಸಿದಳು.

“ಯಾಕಮ್ಮಾ? ಬಸುರಿಯಾದವಳು ಹಾಗೆ ಮಾಡಬಾರದು ಅಂತ ಯಾರೂ ಹೇಳ್ಲಿಲ್ವಾ?”

ರೂಪಾ ನಾಗಮ್ಮನ ಕಡೆ ನೋಡಿದಳು. ನಾಗಮ್ಮ ನೆಲ ನೋಡಿದಳು. ಡಾಕ್ಟರಮ್ಮ ಬರೆದು, ಮುಂದಿನ ಮಂಚಕ್ಕೆ ಹೋದಳು.

ಕೂಸನ್ನು ಶಿವಾನಂದ ಟವೆಲಿನಲ್ಲಿ ಸುತ್ತಿಕೊಂಡು ಅಂಕೋಲೆಗೆ ಹೋಗಿದ್ದ. ನಾಗಮ್ಮ ರೂಪಾಳ ಕಾಲು ನೀವುತ್ತ ಕೂತಳು. ರೂಪಾ ಅವಳ ಕಡೆ ಹೊರಳಿದಳು.

“ಅಕ್ಕಾ, ನಾ ಅಷ್ಟು ದಿನ ಹಿಡ್ಕಂಡೆ. ಅದು ಹಿಡ್ಕಂಡಿಲ್ಲ.”

ಅದರ ನಂತರ ರೂಪಾ ಕಾರವಾರಕ್ಕೆ ಬರಲಿಲ್ಲ. ತಾಯಿ ಬಂದು ರಾಮನಗುಳಿಗೆ ಕರೆದುಕೊಂಡು ಹೋದಳು. ಅವಳ ಜಾಗಕ್ಕೆ ನಿತೇಶ ಬೇರೊಬ್ಬ ಹೆಂಗಸನ್ನು ತಂದ. ಮೊದಲ ದಿನವೇ ಅವಳಿಗೆ ಬಾಗಿಲ ಮೇಲಿನ ಕಾಗದ ತೋರಿಸಿ, ಓದಿ ಹೇಳಿದ. ಅವಳು ಆಯಿತು ಎಂದಳು. ಮನೆಯಿಂದ ತಂದ ನೀರಿನ ಬಾಟಲಿಯನ್ನು ಮೋರಿಗೆ ಚೆಲ್ಲಿದಳು.

ಜೂನ್ ಮೊದಲ ವಾರ ತಪಾಸಣೆಯವರು ಬರುತ್ತಾರೆಂದು ಸುದ್ದಿಯಾಯಿತು. ಕಚೇರಿಯ ಸ್ವಚ್ಛತೆ, ಕೆಲಸದವರ ಸೌಲಭ್ಯ ಎಲ್ಲ ನೋಡುವವರು. ಆ ದಿನ ನಾಗಮ್ಮ ಬರುವಷ್ಟರಲ್ಲಿ ಹದಿನಾಲ್ಕೂ ಬಾಗಿಲ ಮೇಲಿನ ಕಾಗದ ಹೋಗಿತ್ತು. ಅಂಟಿನ ಗುರುತು ಮಾತ್ರ ಉಳಿದಿತ್ತು.

“ಅದನ್ನ ಕೆರ್ದು ತೆಗಿ. ಗುರ್ತು ಕಾಣ್ಬಾರ್ದು,” ಎಂದ ನಿತೇಶ.

ನಾಗಮ್ಮ ಬ್ಲೇಡು ಹಿಡಿದು ಹದಿನಾಲ್ಕು ಬಾಗಿಲಿನ ಅಂಟು ಕೆರೆದಳು. ಉಗುರಿನ ಸಂದಿಯಲ್ಲಿ ರಕ್ತ ಬಂತು. ಆ ವಾರ ಅವಳಿಗೆ ಮೂತ್ರದಲ್ಲೂ ರಕ್ತ ಹೋಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಒಂಬತ್ತೂವರೆಗೆ ನಿತೇಶ ಒಂದು ಹಾಳೆ, ಮಸಿಯ ಪ್ಯಾಡು ತಂದ. “ಇದ್ಕೊಂದು ಹೆಬ್ಬೆಟ್ಟು ಒತ್ತು.” ಹೊಸ ಹೆಂಗಸಿನ ಹೆಬ್ಬೆಟ್ಟು ಆಗಲೇ ಬಿದ್ದಿತ್ತು.

“ಎಂತಾ ಬರ್ದದೆ?”

“ಎಂತೂ ಇಲ್ಲ. ತಪಾಸಣೆಯವ್ರಿಗೆ ಬೇಕು.”

ನಾಗಮ್ಮ ಹಾಳೆ ತೆಗೆದುಕೊಂಡು ಗೇಟಿಗೆ ನಡೆದಳು. ಮಾದೇವನಿಗೆ ಕೊಟ್ಟಳು. “ಓದು.”

ಮಾದೇವ ಅಕ್ಷರ ಕೂಡಿಸಿ ಕೂಡಿಸಿ ಓದಿದ. ‘ಹೊರಗುತ್ತಿಗೆ ನೌಕರರಾದ ನಮಗೆ ಕಚೇರಿಯಲ್ಲಿ ಕುಡಿಯುವ ನೀರು ಹಾಗೂ ಶೌಚಾಲಯದ ಸೌಲಭ್ಯವನ್ನು ನಿಯಮಾನುಸಾರ ಒದಗಿಸಲಾಗಿರುತ್ತದೆ. ಈ ಬಗ್ಗೆ ನಮ್ಮದು ಯಾವುದೇ ದೂರು ಇರುವುದಿಲ್ಲ.’

“ಇನ್ನೊಂದ್ ಸಲ ಓದು.”

ಅವನು ಇನ್ನೊಂದು ಸಲ ಓದಿದ.

“ನಿಯಮಾನುಸಾರ ಅಂದ್ರೆ?”

“ರ‍ೂಲ್ಸಿನ ಪ್ರಕಾರ. ಕೆಲ್ಸದವ್ರಿಗೆ ಪಾಯಖಾನೆ ಕೊಡೂಕೇ ಬೇಕು ಅಂತ ಸರ್ಕಾರದ ರೂಲ್ಸು ಅದೆ, ನಾಗಮ್ಮಕ್ಕ.”

“ಯಾವಾಗಿಂದ ಅದೆ?”

“ಮೊದ್ಲಿಂದನೂ ಅದೆ.”

ನಾಗಮ್ಮ ಗೇಟಿನ ಸರಳು ಹಿಡಿದು ನಿಂತಳು. ಮೊದಲಿನಿಂದಲೂ ಇತ್ತು. ಕಾಗದ ಅಂಟಿಸಿದ ದಿನವೂ ಇತ್ತು. ರೂಪಾ ಮೆಟ್ಟಿಲು ಒರೆಸಿದ ದಿನವೂ ಇತ್ತು. ಸಾಹೇಬರಿಗೆ ಗೊತ್ತಿತ್ತು, ನಿತೇಶನಿಗೂ ಗೊತ್ತಿತ್ತು. ಗೊತ್ತಿಲ್ಲದವರು ತಾನು, ರೂಪಾ ಇಬ್ಬರೇ.

ಅವಳು ಮೆಟ್ಟಿಲು ಹತ್ತಿದಳು. ನಿತೇಶ ಹಿಂದೆ ಓಡಿ ಬಂದ. “ಎಲ್ಲಿಗೆ? ಏ ನಾಗಮ್ಮಾ, ಎಲ್ಲಿಗೆ?” ಅವಳು ತಿರುಗಲಿಲ್ಲ. ಸಾಹೇಬರ ಕೋಣೆಯ ಬಾಗಿಲು ದೂಡಿ ಒಳಗೆ ಹೋದಳು. ಬಕೆಟು ಇಲ್ಲದೆ, ಬಟ್ಟೆ ಇಲ್ಲದೆ ಆ ಕೋಣೆಗೆ ಅವಳು ಹೋದದ್ದು ಅದೇ ಮೊದಲು. ಸಾಹೇಬರು ಕೂತಿದ್ದರು. ಕಲಾವತಿ ಮೇಜಿನ ಮೇಲೆ ಫೈಲು ಜೋಡಿಸುತ್ತಿದ್ದಳು.

“ಏನಮ್ಮಾ?”

ನಾಗಮ್ಮ ಹಾಳೆಯನ್ನು ಮೇಜಿನ ಮೇಲಿಟ್ಟಳು. “ಸಾಹೇಬ್ರೆ, ಇದು ಸುಳ್ಳು.”

“ಸುಳ್ಳು ಅಂತಲ್ಲಮ್ಮಾ. ಇದೊಂದು ಕ್ರಮ. ಎಲ್ಲ ಕಡೆ ಕೊಡ್ತಾರೆ.”

“ರೂಪಾನ ಕೂಸು ಸತ್ತೋತು.”

“ಕೇಳಿದೆ. ಪಾಪ.” ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಒತ್ತಿ ಹೋಗು. ಅವರು ಬರುವ ಹೊತ್ತಾಯ್ತು.”

ಸಾಹೇಬರ ಕುರ್ಚಿಯ ಹಿಂದೆ ಒಂದು ಬಾಗಿಲಿತ್ತು. ಅದು ಅವರೊಬ್ಬರ ಶೌಚಾಲಯ. ದಿನಾ ಬೆಳಿಗ್ಗೆ ಎಲ್ಲದಕ್ಕಿಂತ ಮೊದಲು ನಾಗಮ್ಮ ತೊಳೆಯುತ್ತಿದ್ದದ್ದು ಅದನ್ನೇ. ಅವಳು ಮೇಜು ಸುತ್ತಿ ನಡೆದಳು. ಯಾರಿಗೂ ಏನೆಂದು ಅರ್ಥವಾಗುವ ಮೊದಲೇ ಒಳಗೆ ಹೋಗಿ ಚಿಲಕ ಹಾಕಿದಳು.

ಹೊರಗೆ ಬಾಗಿಲು ಬಡಿಯತೊಡಗಿದರು. ನಿತೇಶ ಕೂಗುತ್ತಿದ್ದ. “ನಾಗಮ್ಮಾ, ಹೊರಗೆ ಬಾ! ಮರ್ಯಾದೆಯಿಂದ ಹೊರಗೆ ಬಾ!” ನಾಗಮ್ಮ ಸೀರೆ ಎತ್ತಿ ಕೂತಳು. ತಣ್ಣಗಿತ್ತು. ಬೇಗ ಬರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಹಲ್ಲು ಕಚ್ಚಿ ಕಾದಳು. ಬಾಗಿಲು ಅಲ್ಲಾಡುತ್ತಿತ್ತು. ಅವಳು ಅವಸರ ಮಾಡಲಿಲ್ಲ. ಉರಿಯುತ್ತ, ಕೊಯ್ಯುತ್ತ ಹನಿಹನಿಯಾಗಿ ಬಂತು. ಪೂರ್ತಿ ಆಗುವ ತನಕ ಕೂತಳು. ಎದ್ದು ನೋಡಿದಳು. ಬಿಳಿ ಕಮೋಡಿನಲ್ಲಿ ಕೆಂಪು.

ನೀರು ಬಿಡಲಿಲ್ಲ. ಹಾಗೇ ಬಿಟ್ಟು ಚಿಲಕ ತೆಗೆದಳು.

ಸಾಹೇಬರು ಎದ್ದು ನಿಂತಿದ್ದರು. ಮೊದಲ ಸಲ ಅವರ ಮುಖ ಕೆಂಪಾಗಿತ್ತು. ನಾಗಮ್ಮ ಮೇಜಿನ ಮೇಲಿನ ಹಾಳೆಗೆ ಬೆರಳು ತೋರಿಸಿದಳು.

“ಈಗ ಬರೀರಿ. ಇವತ್ತೊಂದು ದಿನ, ಒಂದು ಸಲ ಕೊಟ್ಟೀರಿ ಅಂತ ಬರೀರಿ. ಹೆಬ್ಬೆಟ್ಟು ಒತ್ತುತೆ.”

ಯಾರೂ ಬರೆಯಲಿಲ್ಲ. ಸಾಹೇಬರು ಶೌಚಾಲಯದ ಬಾಗಿಲ ತನಕ ಹೋಗಿ ಇಣುಕಿದರು. ಕೂಡಲೇ ಹಿಂದೆ ಬಂದರು.

“ನೀರು ಹಾಕು,” ಎಂದರು.

“ನಂಗೆ ಅದ್ರೊಳಗೆ ಹೋಗುಕಿಲ್ಲ ಸಾಹೇಬ್ರೆ. ನೀವೇ ಬರ್ಸಿದ್ದಲ್ದ?”

ನಿತೇಶ ಗೋಡೆ ನೋಡಿದ. ಸಾಹೇಬರು ಕಲಾವತಿಯ ಕಡೆ ತಿರುಗಿದರು. ಹೆಸರಷ್ಟೇ ಹೇಳಿದರು. “ಕಲಾವತಿ.” ಕಲಾವತಿ ಕೈಯಲ್ಲಿದ್ದ ಫೈಲು ಇಟ್ಟು ಒಳಗೆ ಹೋದಳು. ಸುಮಾರು ಹೊತ್ತು ಏನೂ ಸದ್ದಿಲ್ಲ. ಆಮೇಲೆ ನೀರು ಬಿದ್ದ ಸದ್ದು.

ಹತ್ತೂವರೆಯ ಒಳಗೆ ನಾಗಮ್ಮನ ಕೊರಳಿನ ಗುರುತಿನ ಚೀಟಿ ತೆಗೆಸಿದರು. ಮೆಷಿನ್ನಿನಿಂದ ಅವಳ ಮುಖ ಅಳಿಸಿದರು. ತಪಾಸಣೆಯವರು ಹನ್ನೊಂದಕ್ಕೆ ಬಂದು ಒಂದು ಗಂಟೆಗೆ ಹೋದರು. ಹೊಸ ಹೆಂಗಸಿನದೊಂದು ಹೆಬ್ಬೆಟ್ಟು, ಅವತ್ತೇ ಕರೆತಂದ ಇನ್ನೊಬ್ಬಳದೊಂದು. ಎಲ್ಲ ತೃಪ್ತಿಕರ ಎಂದು ಬರೆದು ಹೋದರಂತೆ. ಮಾದೇವ ಫೋನಿನಲ್ಲಿ ಹೇಳಿದ.

ಜಟ್ಟು ಅವಳಿಗೆ ಬೈಯಲಿಲ್ಲ. ಅಂಕೋಲೆಯಲ್ಲಿ ಡಾಕ್ಟರಿಗೆ ತೋರಿಸಿದ. ಗುಳಿಗೆ ಶುರುವಾಯಿತು. ನಾಗಮ್ಮ ಅಲ್ಲಿಂದಲೇ ರಾಮನಗುಳಿಯ ಬಸ್ಸು ಹತ್ತಿದಳು. ರೂಪಾ ಹೆಚ್ಚು ಮಾತಾಡಲಿಲ್ಲ. ಎಲ್ಲ ಕೇಳಿ, ಒಂದು ಹಾಳೆಯಲ್ಲಿ ಆದದ್ದನ್ನೆಲ್ಲ ಬರೆದುಕೊಟ್ಟಳು. ಕೆಳಗೆ ಸಹಿ ಮಾಡಿದಳು. ನಾಗಮ್ಮ ಅದಕ್ಕೆ ಹೆಬ್ಬೆಟ್ಟು ಒತ್ತಿದಳು. ಕೆಲಸದವರ ದೂರು ತೆಗೆದುಕೊಳ್ಳುವ ಒಂದು ಕಚೇರಿ ಕಾರವಾರದಲ್ಲಿತ್ತು. ಅಲ್ಲಿಗೆ ಹೋದಳು. ಅಲ್ಲಿನ ಅಧಿಕಾರಿ ಪೂರ್ತಿ ಓದಿ, ಬಾಗಿಲಿಗೆ ಅಂಟಿಸಿದ್ದ ಆ ಸುತ್ತೋಲೆಯ ಪ್ರತಿ ಎಲ್ಲಿ ಎಂದು ಕೇಳಿದ. ಅವನು ಫೋನಿನಲ್ಲಿ ವಿಚಾರಿಸಿದ್ದಕ್ಕೆ, ಅಂಥದ್ದೇನೂ ನಮ್ಮಲ್ಲಿ ಹೊರಟೇ ಇಲ್ಲ ಎಂದು ಸಾಹೇಬರ ಕಚೇರಿಯವರು ಹೇಳಿದ್ದರು.

“ಪ್ರತಿ ತನ್ನಿ, ಇಲ್ಲಾ ಸಾಕ್ಷಿ ತನ್ನಿ. ಸೋಮವಾರ ಕಡೇ ದಿನ.”

ಭಾನುವಾರ ಮಧ್ಯಾಹ್ನ, ಮಳೆ ಸ್ವಲ್ಪ ಬಿಟ್ಟು ಹೊಳವಾದಾಗ, ಕೊಡೆ ಹಿಡಿದುಕೊಂಡು ಕಲಾವತಿ ಬಂದಳು. ಬಾಳೆಗುಳಿಯಲ್ಲಿ ಬಸ್ಸಿಳಿದು ಮನೆ ಕೇಳಿಕೊಂಡು ಬಂದಿದ್ದಳು. ಒಳಗೆ ಕೂತು, ಸುತ್ತ ನೋಡಿ, ಚೀಲದಿಂದ ಮಡಚಿದ ಕಾಗದ ತೆಗೆದಳು.

“ಆ ಸುತ್ತೋಲೆಯ ಝೆರಾಕ್ಸು. ಫೈಲಿನಿಂದ ತೆಗೆದಿಟ್ಟುಕೊಂಡಿದ್ದೆ. ಕೊಟ್ಟದ್ದು ನಾನು ಅಂತ ಮಾತ್ರ ಹೇಳಬೇಡ.”

ನಾಗಮ್ಮ ಕಾಗದ ಬಿಡಿಸಿದಳು. ಮೇಲಿನಿಂದ ಕೆಳಗೆ ನೋಡಿದಳು. ಕೆಳಗಿನ ತುದಿಯ ಮೇಲೆ ಬೆರಳಾಡಿಸಿದಳು.

“ನಂಗೆ ಓದುಕೆ ಬರೂದಿಲ್ಲ ಮೇಡಂ. ಕಾಣುಕೆ ಬತ್ತದೆ. ಇದ್ರ ಬುಡ ಎಂತಕ್ಕೆ ಕತ್ರಿಸೀರಿ?”

ಕಲಾವತಿ ಕೊಡೆಯ ಹಿಡಿ ತಿರುಗಿಸುತ್ತ ಕೂತಳು. “ಟೈಪ್ ಮಾಡಿದವರದ್ದು ಒಂದು ಸಣ್ಣ ಸಹಿ ಇರ್ತದೆ. ಅದು ಇತ್ತು ಅಲ್ಲಿ.”

“ಯಾರ್ದು?”

“ನನ್ನದು.”

ಒಲೆಯ ಹತ್ತಿರ ಕೂತಿದ್ದ ಜಟ್ಟು ಎದ್ದು ಹೊರಗೆ ಹೋದ.

“ಅವರು ಹೇಳಿದ್ದು, ನಾನು ಟೈಪ್ ಮಾಡಿದ್ದು ಅಷ್ಟೇ ನಾಗಮ್ಮಾ. ನಾನಲ್ಲದಿದ್ದರೆ ಬೇರೆ ಯಾರೋ ಮಾಡ್ತಿದ್ದರು.” ಕಲಾವತಿಯ ಕಣ್ಣಲ್ಲಿ ನೀರಿತ್ತು. “ಅವತ್ತು ಒಳಗೆ ಹೋಗಿ ನೋಡಿದೆ. ನಿನ್ನ ರಕ್ತ ನೋಡಿದೆ. ಆಮೇಲೆ ನನಗೆ ಊಟ ಸೇರ್ತಿಲ್ಲ.”

“ನಾನೂ ಅವತ್ತು ಮೆಟ್ಲ ಮೇಲೆ ಕೈ ಹಿಂದೆ ತಕ್ಕಂಡೆ,” ಎಂದಳು ನಾಗಮ್ಮ. “ಒರೆಸೂ ಬಟ್ಟೆ ಆ ಹುಡ್ಗಿ ಕೈಗೆ ಕೊಟ್ಟವ್ಳು ನಾನು. ಹಂಗಾಗಿ ನಿಮ್ಗೆ ಬೈಯೂಕೆ ನಂಗೆ ಬಾಯಿಲ್ಲ. ಆದ್ರೆ ಈ ಕಾಗ್ದ ಸಾಲೂದಿಲ್ಲ ಮೇಡಂ. ನಾಳೆ ಹತ್ತು ಗಂಟಿಗೆ ನೀವೇ ಬರ್ಬೇಕು. ನಾ ಟೈಪ್ ಮಾಡಿದ್ದು, ಅವ್ರು ಮಾಡ್ಸಿದ್ದು ಅಂತ ಬಾಯಲ್ಲಿ ಹೇಳ್ಬೇಕು.”

ಕಲಾವತಿ ಕಣ್ಣು ಒರೆಸಿಕೊಂಡಳು. ಆಮೇಲೆ “ಬರ್ತೇನೆ,” ಎಂದಳು. ಹೋಗುವಾಗ ನಾಗಮ್ಮನ ಕೈ ಹಿಡಿದು ಅದುಮಿದಳು.

ಸೋಮವಾರ ಒಂಬತ್ತೂವರೆಗೇ ನಾಗಮ್ಮ ದೂರಿನ ಕಚೇರಿಯ ಬೆಂಚಿನ ಮೇಲೆ ಕೂತಳು. ಹತ್ತಾಯಿತು. ಹನ್ನೊಂದಾಯಿತು. ಊಟಕ್ಕೆ ಎಲ್ಲರೂ ಹೋಗಿ ಬಂದರು. ಮಧ್ಯಾಹ್ನದ ಮೇಲೆ ಮಳೆ ಜೋರಾಯಿತು. ನಾಲ್ಕು ಗಂಟೆಯ ಸುಮಾರಿಗೆ ಕಿಟಕಿಯಿಂದ ರಸ್ತೆಯ ಆಚೆ ಬದಿಗೆ ಒಂದು ಕೊಡೆ ಕಾಣಿಸಿತು. ಕೊಡೆಯ ಕೆಳಗೆ ಕಲಾವತಿ. ಅವಳು ಕಚೇರಿಯ ಬಾಗಿಲನ್ನೇ ನೋಡುತ್ತಿದ್ದಳು. ನಾಗಮ್ಮ ಎದ್ದು ಕಿಟಕಿಯ ಹತ್ತಿರ ಹೋಗಿ ಕೈ ಎತ್ತಿದಳು. ಕಲಾವತಿ ನೋಡಿದಳು. ನೋಡಿದ್ದು ನಾಗಮ್ಮನಿಗೆ ಗೊತ್ತಾಯಿತು. ಒಂದು ಬಸ್ಸು ಅಡ್ಡ ಬಂತು. ಬಸ್ಸು ಹೋದ ಮೇಲೆ ಅಲ್ಲಿ ಯಾರೂ ಇರಲಿಲ್ಲ.

ಐದು ಗಂಟೆಗೆ ಅಧಿಕಾರಿ ಅವಳನ್ನು ಕರೆದ. ಕಾಗದ ತಿರುಗಿಸಿ ನೋಡಿದ.

“ಇದು ಬುಡ ಕತ್ತರಿಸಿದ ಪ್ರತಿ. ಯಾರ ಸಹಿಯೂ ಇಲ್ಲ. ಯಾರು ಕೊಟ್ಟದ್ದು ಅಂತಲೂ ಇಲ್ಲ. ಇದು ನಡೆಯೂದಿಲ್ಲಮ್ಮಾ. ಸಾಕ್ಷಿ?”

“ನಾನೇ ಸಾಕ್ಷಿ.”

“ನೀವು ದೂರು ಕೊಟ್ಟವರು. ನಿಮ್ಮ ದೂರಿಗೆ ನೀವೇ ಸಾಕ್ಷಿ ಆಗೂಕೆ ನಮ್ಮಲ್ಲಿ ನಿಯಮ ಇಲ್ಲ.”

“ರೂಪಾ ಬರ್ದುಕೊಟ್ಟದ್ದು ಅದ್ಯಲ್ಲ?”

“ಅವರೂ ದೂರುದಾರರೇ. ಸಾಕ್ಷಿ ಇಲ್ಲದಿದ್ದರೆ ಮುಕ್ತಾಯ ಅಂತ ಬರೀಬೇಕು. ನಾನು ಮಾಡೂದಲ್ಲ, ನಿಯಮ.” ಅವನು ಒಂದು ಹಾಳೆ, ಮಸಿಯ ಪ್ಯಾಡು ಮುಂದಕ್ಕೆ ದೂಡಿದ. “ದೂರು ಮುಕ್ತಾಯ ಆಗಿದೆ, ನನಗೆ ತಿಳಿಸಿದ್ದಾರೆ ಅಂತ. ಇಲ್ಲೊಂದು ಹೆಬ್ಬೆಟ್ಟು.”

ನಾಗಮ್ಮ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಅವನು ಕಾದ. ಗಡಿಯಾರ ನೋಡಿದ. ಜವಾನ ಕಿಟಕಿಗಳನ್ನು ಮುಚ್ಚಿದ, ಫ್ಯಾನು ನಿಲ್ಲಿಸಿದ, ದೀಪ ಆರಿಸಿದ. ಅಧಿಕಾರಿ ಚೀಲ ಹೆಗಲಿಗೆ ಹಾಕಿಕೊಂಡ.

“ಏಳಿ ಅಮ್ಮಾ. ಐದೂವರೆ ಆಯ್ತು. ಬಾಗಿಲು ಹಾಕಬೇಕು.”

“ಹಾಕಿ,” ಎಂದಳು ನಾಗಮ್ಮ.

ಏಳಲಿಲ್ಲ.